ತಲೆ ಸುತ್ತಲ್ಲ, ಆದ್ರೂ ಆಯ ತಪ್ಪುತ್ತೆ: ಅಪ್ಪನ ಎರಡೂ ಒಳಗಿವಿ ಸುಮ್ಮನಾದ ಕೇಸ್

"ತಲೆ ಸುತ್ತುತ್ತಾ?" ಅಂತ ಕೇಳಿದ ಪ್ರತಿಯೊಬ್ಬ ಡಾಕ್ಟರಿಗೂ ಅಪ್ಪ "ಇಲ್ಲ" ಅಂತಾನೇ ಹೇಳಿದ್ರು. ಅದು ನಿಜಾನೂ ಆಗಿತ್ತು. ಆ ಒಂದು "ಇಲ್ಲ"ದಿಂದ ಸುಮಾರು ಮೂರು ತಿಂಗಳು ಯಾರೂ ಅವರ ಕಿವಿ ಕಡೆ ತಿರುಗಿ ನೋಡ್ಲಿಲ್ಲ. ನಮ್ಮ ಆಯ ಕಾಯೋದ್ರಲ್ಲಿ ಕಿವಿಯ ಒಳಭಾಗಕ್ಕೂ, ಅಂದ್ರೆ ಒಳಗಿವಿಗೂ, ಪಾಲಿದೆ, ಅದು ಕೆಟ್ರೆ ತಲೆಸುತ್ತು ಬರಲೇಬೇಕು ಅಂತ ನಾವೂ ಅಂದ್ಕೊಂಡಿದ್ವಿ. ಆ ನಂಬಿಕೆ ಎಲ್ಲಿ ತಪ್ಪುತ್ತೆ ಅಂತ ತೋರಿಸೋಕೆ ಈ ಕೇಸನ್ನ ಮೊದಲಿಂದ ಕೊನೆವರೆಗೆ ಬರೀತಾ ಇದ್ದೀನಿ. ರಿಪೋರ್ಟುಗಳನ್ನೆಲ್ಲಾ ಒಂದು ಫೈಲಲ್ಲಿ ಇಟ್ಟಿದ್ದೆ, ದಿನಾ ಏನಾಯ್ತು ಅಂತ ಒಂದು ನೋಟ್‌ಬುಕ್ಕಲ್ಲೂ ಬರೆದಿಟ್ಟಿದ್ದೆ, ಅದನ್ನ ನೋಡ್ಕೊಂಡೇ ಬರೀತಿರೋದು.

ಅಪ್ಪಂಗೆ ಆಗ 61 ವರ್ಷ. ಶುಗರ್ ಇಲ್ಲ, ಬಿಪಿ ಇಲ್ಲ, ಪಕ್ಕದ ರೂಮಲ್ಲಿ ಪಿಸುಗುಟ್ಟಿದ್ರೂ ಕೇಳಿಸ್ಕೊಳ್ಳೋ ಕಿವಿ. ಬಿಟ್ಟು ಬಿಟ್ಟು ಬರ್ತಿದ್ದ ಜ್ವರ ಒಂದು ಐದು ವಾರ ಕಾಡಿ, ಕೊನೆಗೆ ಹೃದಯದ ವಾಲ್ವಿಗೆ ಇನ್ಫೆಕ್ಷನ್ ಆಗಿದೆ ಅಂತ ಗೊತ್ತಾಯ್ತು, ಬ್ಲಡ್ ಕಲ್ಚರಲ್ಲಿ ಎಂಟರೊಕಾಕಸ್ ಬೆಳೀತು. ಈ ಬ್ಯಾಕ್ಟೀರಿಯಾ ಒಂದೇ ಆಂಟಿಬಯಾಟಿಕ್‌ಗೆ ಸುಲಭಕ್ಕೆ ಜಗ್ಗಲ್ಲ. ಆಂಪಿಸಿಲಿನ್ ಅದರ ಗೋಡೇನ ಸಡಿಲ ಮಾಡಿದ್ರೆ ಆ ಸಂದೀಲಿ ಜೆಂಟಾಮೈಸಿನ್ ಒಳಗೆ ಹೋಗಿ ಕೊಲ್ಲುತ್ತೆ, ಅದಕ್ಕೆ ಎರಡನ್ನೂ ಸೇರಿಸಿ ವಾರಗಟ್ಲೆ ಕೊಡೋದು. ಅಪ್ಪಂಗೆ ನಾಲ್ಕು ವಾರ ಕೊಟ್ರು. ಮೂರನೇ ವಾರದಲ್ಲಿ, ಕಿಡ್ನಿ ಸೋತ್ರೆ ರಕ್ತದಲ್ಲಿ ಏರೋ ಕ್ರಿಯಾಟಿನಿನ್ 0.9ರಿಂದ 1.4ಕ್ಕೆ ಏರಿತು, ಜೆಂಟಾಮೈಸಿನ್ ಡೋಸ್ ಕಮ್ಮಿ ಮಾಡಿದ್ರು, ಕಿಡ್ನಿ ವಾಪಸ್ ಸರಿಹೋಯ್ತು. ಇನ್ಫೆಕ್ಷನ್ ಪೂರ್ತಿ ಹೋಯ್ತು, ವಾಲ್ವ್ ಉಳೀತು, ಅಪ್ಪ ಉಳಿದ್ರು. ಇದನ್ನ ಮೊದಲೇ ಸ್ಪಷ್ಟ ಹೇಳ್ಬಿಡ್ತೀನಿ, ಯಾಕಂದ್ರೆ ಮುಂದೆ ಓದುವಾಗ ಆ ಔಷಧಿ ಕೊಟ್ಟಿದ್ದೇ ತಪ್ಪು ಅಂತ ಯಾರಿಗೂ ಅನ್ನಿಸಬಾರ್ದು.

ಮನೆಗೆ ಬರೋಕೆ ನಾಲ್ಕೈದು ದಿನ ಮುಂಚೇನೇ, ಹಾಸಿಗೆಯಿಂದ ಎದ್ದು ಬಾತ್‌ರೂಮಿಗೆ ಹೋಗುವಾಗ ಜೋಲಿ ಹೊಡೀತಿದ್ರು. ಒಂದು ತಿಂಗಳು ಮಲಗಿದ್ದವ್ರು, ನಿಶ್ಶಕ್ತಿ ಅಂದ್ರು ಎಲ್ಲರೂ. ನಾವೂ ಒಪ್ಕೊಂಡ್ವಿ.

ಮನೆಗೆ ಬಂದ ಮೇಲೆ ಶಕ್ತಿ ಬಂತು, ತೂಕ ಬಂತು, ಆದ್ರೆ ನಡಿಗೆ ಬರ್ಲಿಲ್ಲ. ಕಾಲು ಅಗಲಿಸಿಕೊಂಡು, ನೆಲಾನೇ ನೋಡ್ಕೊಂಡು ನಡೀತಿದ್ರು. ಒಂದಿನ ಮುಖ ತೊಳೆಯೋಕೆ ಸಿಂಕ್ ಮುಂದೆ ಬಗ್ಗಿದ್ದಾರೆ, ಸೋಪು ಹಚ್ಕೊಂಡು ಕಣ್ಣು ಮುಚ್ಚಿದ ಕ್ಷಣಾನೇ ಆಯ ತಪ್ಪಿ ಹಣೆ ಹೋಗಿ ನಲ್ಲಿಗೆ ಬಡೀತು. ಇನ್ನೊಂದಿನ ರಾತ್ರಿ ಲೈಟ್ ಹಾಕದೆ ಎದ್ದವ್ರು ಎರಡು ಹೆಜ್ಜೆಗೆ ಬಿದ್ದು ಮೊಣಕೈ ತರಚ್ಕೊಂಡ್ರು. ಹಗಲು ಗಟ್ಟಿ ನೆಲದ ಮೇಲೆ ಹೇಗೋ ನಡೆಯೋರು, ಹುಲ್ಲಿನ ಮೇಲೆ ಕಾಲಿಟ್ರೆ ತೂರಾಡೋರು. ಇದೆಲ್ಲಕ್ಕಿಂತ ನನಗೆ ವಿಚಿತ್ರ ಅನ್ನಿಸಿದ್ದು ಬೇರೆ. ನಡೀತಾ ನಡೀತಾ ಎದುರಿಗೆ ಬಂದ ನಮ್ಮ ಚಿಕ್ಕಪ್ಪನ್ನ ಗುರುತು ಹಿಡೀಲಿಲ್ಲ, ನಿಂತ ಮೇಲೆ ಹಿಡಿದ್ರು! ಯಾಕಪ್ಪಾ ಅಂತ ಕೇಳಿದ್ದಕ್ಕೆ "ನಾನು ನಡೆಯುವಾಗ ಎಲ್ಲಾ ಕುಣಿಯುತ್ತಮ್ಮಾ, ಬೋರ್ಡು, ಮುಖ, ಮರ ಎಲ್ಲಾ, ನಿಂತ್ರೆ ಅವೂ ನಿಲ್ಲುತ್ವೆ" ಅಂದ್ರು.

ಈಗ ಯೋಚಿಸಿದ್ರೆ ಇಡೀ ಡಯಾಗ್ನೋಸಿಸ್ ಆ ಒಂದು ಮಾತಲ್ಲೇ ಇತ್ತು. ಅದನ್ನ ನಾವು ಹೋದ ಕಡೆಯೆಲ್ಲಾ ಹೇಳಿದ್ವಿ ಕೂಡ. ಕಣ್ಣಿನ ಡಾಕ್ಟರ್ ಹತ್ರ ಕೂತು ಓದಿದ್ರೆ 6/6, ಕಣ್ಣು ಸರಿ ಇದೆ ಅಂದ್ರು. ಕತ್ತಿನ ಎಕ್ಸ್‌ರೇ ತೆಗೆಸಿದ್ರೆ ಮೂಳೆ ಸವೆದಿದೆ ಅಂತ ಬಂತು, ಆ ವಯಸ್ಸಲ್ಲಿ ಯಾರ ಕತ್ತನ್ನ ತೆಗೆಸಿದ್ರೂ ಹೆಚ್ಚುಕಮ್ಮಿ ಅದೇ ಬರುತ್ತೆ, ಆದ್ರೂ ಕತ್ತಿಗೆ ಪಟ್ಟಿ ಹಾಕಿ ಕಳಿಸಿದ್ರು. ಮೆದುಳಿನ ಎಮ್‌ಆರ್‌ಐ ನಾರ್ಮಲ್. ಯಾವುದಕ್ಕೂ ಇರ್ಲಿ ಅಂತ ತಲೆಸುತ್ತಿನ ಮಾತ್ರೆ ಆರು ವಾರ ಕೊಟ್ರು, ಅದರಿಂದ ಅಪ್ಪಂಗೆ ನಿದ್ದೆ ಬಂತು, ನಡಿಗೆ ಇನ್ನೂ ಹದಗೆಟ್ಟಿತು.

ಇಲ್ಲಿ ಒಂದು ಮಾತು ಹೇಳ್ಲೇಬೇಕು. ನಮ್ಮ ಭಾಷೇಲಿ ಇದಕ್ಕೆಲ್ಲಾ ಬೇರೆ ಬೇರೆ ಪದ ಇದೆ. ಸುತ್ತಲಿನ ಗೋಡೆ ಗಿರಗಿರ ತಿರುಗಿದ್ರೆ ತಲೆಸುತ್ತು, ಎದ್ದ ತಕ್ಷಣ ಬಿದ್ದೋಗೋ ಹಾಗಾದ್ರೆ ಕಣ್ಣುಕತ್ತಲೆ, ತಲೆಯೊಳಗೆ ಏನೂ ಆಗದೆ ಬರೀ ಕಾಲು ನಿಲ್ಲದಿದ್ರೆ ಆಯ ತಪ್ಪೋದು, ಜೋಲಿ ಹೊಡೆಯೋದು. ಈ ಮೂರರ ಕಾರಣಗಳೂ ಬೇರೆ ಬೇರೆ. ಅಪ್ಪ ಪ್ರತಿ ಸಲಾನೂ ಸರಿಯಾಗಿ "ಆಯ ತಪ್ಪುತ್ತೆ" ಅಂತಾನೇ ಹೇಳಿದ್ರು, ಚೀಟಿ ಮೇಲೆ ಮಾತ್ರ ಪ್ರತಿ ಸಲಾನೂ ತಲೆಸುತ್ತು ಅಂತಾನೇ ಬಂತು.

ಕೊನೆಗೆ ದಾರಿ ತೋರಿಸಿದ್ದು ಬ್ಯಾಲೆನ್ಸ್ ಸಮಸ್ಯೆಗಳನ್ನೇ ನೋಡೋ ಒಬ್ಬ ಇಎನ್‌ಟಿ ಡಾಕ್ಟರ್. ಅವರು ತಲೆ ಸುತ್ತುತ್ತಾ ಅಂತ ಕೇಳ್ಲೇ ಇಲ್ಲ. "ಸಾರ್, ಕತ್ತಲೇಲಿ ನಡಿಗೆ ಹೇಗಿರುತ್ತೆ? ನಡೀತಾ ಬೋರ್ಡ್ ಓದೋಕಾಗುತ್ತಾ?" ಅಂತ ಕೇಳಿದ್ರು, ಅಪ್ಪ ಉತ್ತರ ಹೇಳಿದ ಮೇಲೆ "ಇತ್ತೀಚೆಗೆ ಆಸ್ಪತ್ರೇಲಿ ತುಂಬಾ ದಿನ ಇಂಜೆಕ್ಷನ್ ತಗೊಂಡಿದ್ರಾ?" ಅಂದ್ರು. ಡಿಸ್ಚಾರ್ಜ್ ಸಮ್ಮರಿ ತೆಗೆದು ಜೆಂಟಾಮೈಸಿನ್ ಅನ್ನೋ ಸಾಲಿನ ಕೆಳಗೆ ಪೆನ್ನಿಂದ ಗೆರೆ ಎಳೆದ್ರು. ಆಮೇಲೆ ಪರೀಕ್ಷೆ ಶುರು ಮಾಡಿದ್ರು.

ಮೊದಲು ಅಕ್ಷರದ ಚಾರ್ಟ್. ಸುಮ್ನೆ ಕೂತು ಓದಿದ್ರೆ 6/6 ಸಾಲು. ಆಮೇಲೆ ಹಿಂದಿಂದ ಅಪ್ಪನ ತಲೆ ಹಿಡ್ಕೊಂಡು ಸೆಕೆಂಡಿಗೆ ಎರಡು ಸಲದ ಲೆಕ್ಕದಲ್ಲಿ ಸ್ವಲ್ಪವೇ ಎಡಕ್ಕೆ ಬಲಕ್ಕೆ ಆಡಿಸ್ತಾ ಓದಿ ಅಂದ್ರು, 6/24ಕ್ಕೆ ಬಂದು ನಿಂತ್ರು, ಅಂದ್ರೆ ನಾಲ್ಕು ಸಾಲು ಹೋಯ್ತು. ಆಮೇಲೆ ಡಾಕ್ಟರ್ ಎದುರಿಗೆ ಬಂದು "ನನ್ನ ಮೂಗನ್ನೇ ನೋಡ್ತಿರಿ" ಅಂತ ಹೇಳಿ ಅಪ್ಪನ ತಲೇನ ಚಕ್ ಅಂತ ಒಂದು ಕಡೆ ತಿರುಗಿಸಿದ್ರು. ಕಣ್ಣು ಮೂಗಿನ ಮೇಲೆ ಅಂಟಿಕೊಂಡಿರಬೇಕು. ಅಪ್ಪನ ಕಣ್ಣು ತಲೆ ಜೊತೆಗೇ ಹೋಗಿ, ಆಮೇಲೆ ಒಂದು ಜಿಗಿತ ಜಿಗಿದು ಮೂಗಿಗೆ ವಾಪಸ್ ಬಂತು, ಬಲಕ್ಕೂ ಹಾಗೇ, ಎಡಕ್ಕೂ ಹಾಗೇ. ಪಕ್ಕದಲ್ಲಿ ನಿಂತ ನನಗೂ ಬರಿಗಣ್ಣಿಗೆ ಕಾಣಿಸ್ತು. ಈ ಪರೀಕ್ಷೇನ 1988ರಲ್ಲಿ ಹಾಲ್ಮಾಗಿ ಮತ್ತೆ ಕರ್ಟಾಯ್ಸ್ ಅನ್ನೋ ಇಬ್ಬರು ವಿವರಿಸಿದ್ದು. ಮೆಷೀನ್ ಬೇಡ, ಅರ್ಧ ನಿಮಿಷ ಸಾಕು. ಮೂರು ತಿಂಗಳಲ್ಲಿ ಯಾರಾದ್ರೂ ಒಬ್ಬರು ಆ ಅರ್ಧ ನಿಮಿಷ ಕೊಟ್ಟಿದ್ರೆ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ನೆಲದ ಮೇಲೆ ಪಾದ ಜೋಡಿಸಿ ಕಣ್ಣು ಮುಚ್ಚಿ ನಿಂತ್ರೆ ಓಲಾಡಿದ್ರು, ಬೀಳ್ಲಿಲ್ಲ. ದಪ್ಪ ಸ್ಪಾಂಜ್ ಮೇಲೆ ಕಣ್ಣು ಬಿಟ್ಟು ನಿಂತಾಗ್ಲೂ ಬೀಳ್ಲಿಲ್ಲ. ಸ್ಪಾಂಜ್ ಮೇಲೆ ಕಣ್ಣು ಮುಚ್ಚಿದ್ರೋ, ಎರಡೇ ಸೆಕೆಂಡು, ಮರ ಬಿದ್ದ ಹಾಗೆ ಬಿದ್ರು, ಹಿಂದೆ ಇಬ್ಬರು ಹಿಡಿಯೋಕೆ ರೆಡಿ ಇದ್ರು ಬಿಡಿ. ನಾವು ನೆಟ್ಟಗೆ ನಿಲ್ಲೋದು ಮೂರರ ಸಹಾಯದಿಂದ: ಕಣ್ಣು, ಪಾದ ಮತ್ತೆ ಕೀಲುಗಳ ಸ್ಪರ್ಶ, ಒಳಗಿವಿ. ಕಣ್ಣು ಮುಚ್ಚಿದ್ರೆ ಒಂದು ಹೋಯ್ತು, ಸ್ಪಾಂಜು ಪಾದಕ್ಕೆ ಸುಳ್ಳು ಹೇಳುತ್ತೆ, ಉಳಿಯೋದು ಒಳಗಿವಿ ಮಾತ್ರ. ಅಪ್ಪಂಗೆ ಅದೇ ಉಳಿದಿರ್ಲಿಲ್ಲ. ಸಿಂಕ್ ಮುಂದೆ, ಕತ್ತಲೇಲಿ, ಹುಲ್ಲಿನ ಮೇಲೆ ಯಾಕೆ ಬೀಳ್ತಿದ್ರು ಅನ್ನೋದಕ್ಕೆ ಉತ್ತರ ಅಲ್ಲೇ ಸಿಕ್ತು.

ಹಾಗಾದ್ರೆ ಅಕ್ಷರ ಕುಣಿಯೋದು ಯಾಕೆ? ಇದನ್ನ ಈಗ್ಲೇ ಮಾಡಿ ನೋಡಿ. ತೋರುಬೆರಳನ್ನ ಮುಖದ ಮುಂದೆ ಹಿಡಿದು ಬೇಗ ಬೇಗ ಆಡಿಸಿ, ಬೆರಳಿನ ಗೆರೆ ಮಸುಕಾಗುತ್ತೆ. ಈಗ ಬೆರಳನ್ನ ಅಲ್ಲೇ ಇಟ್ಟು ತಲೇನ ಅಷ್ಟೇ ವೇಗದಲ್ಲಿ ಆಡಿಸಿ, ಗೆರೆ ಗೆರೆ ಸ್ಪಷ್ಟ ಕಾಣುತ್ತೆ. ಮೊದಲನೇದನ್ನ ಮಾಡಿದ್ದು ಕಣ್ಣು ಒಂದೇ, ನೋಡಿ ಆಮೇಲೆ ಹಿಂಬಾಲಿಸೋಕೆ ಅದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಬೇಕು. ಎರಡನೇದರಲ್ಲಿ ಒಳಗಿವಿ ಸೇರ್ಕೊಂಡಿತು. ತಲೆ ಅಲುಗಿದ ಸುದ್ದಿ ಕಿವಿಯಿಂದ ಮೆದುಳಿನ ಬುಡಕ್ಕೆ, ಅಲ್ಲಿಂದ ಕಣ್ಣಿನ ಸ್ನಾಯುಗೆ ಬರೀ ಮೂರು ನರಕೋಶದ ದಾರೀಲಿ ಓಡುತ್ತೆ, 7ರಿಂದ 10 ಮಿಲಿಸೆಕೆಂಡಲ್ಲಿ ಕಣ್ಣು ಎದುರು ದಿಕ್ಕಿಗೆ ಅಷ್ಟೇ ತಿರುಗಿರುತ್ತೆ. ನಡೆಯುವಾಗ ಪ್ರತಿ ಹೆಜ್ಜೆಗೂ, ಅಂದ್ರೆ ಸೆಕೆಂಡಿಗೆ ಸುಮಾರು ಎರಡು ಸಲ, ನಮ್ಮ ತಲೆ ಕುಲುಕುತ್ತೆ, ಆದ್ರೂ ಜಗತ್ತು ಅಲ್ಲಾಡದೆ ಇರೋದು ಇದರಿಂದಾನೇ. ಅಪ್ಪಂಗೆ ಈ ತಂತಿ ಕಡಿದಿತ್ತು.

ಕೂದಲೆಳೆಯಷ್ಟು ಸೂಕ್ಷ್ಮವಾದ ಆ ಜಾಗದ ಬಗ್ಗೆ ನಾನು ಆಮೇಲೆ ಎಷ್ಟು ಓದಿದೆ ಅಂದ್ರೆ ಅದರ ಮೇಲೆ ಒಂಥರಾ ಪ್ರೀತಿ ಹುಟ್ಟಿಬಿಡ್ತು. ಕಿವಿ ಹಿಂದೆ, ತಲೆಬುರುಡೆಯ ತುಂಬಾ ಗಟ್ಟಿ ಮೂಳೆಯೊಳಗೆ, ಎರಡು ಸೆಂಟಿಮೀಟರ್ ಉದ್ದದ ಒಂದು ಪೊಳ್ಳು ಇದೆ. ಮುಂದಿನ ಭಾಗ ಬಸವನಹುಳದ ಚಿಪ್ಪಿನ ಥರದ ಕಾಕ್ಲಿಯಾ, ಅದು ಕೇಳೋಕೆ. ಹಿಂದೆ ಮೂರು ಅರ್ಧಚಂದ್ರ ನಾಳಗಳು, ಒಂದಕ್ಕೊಂದು ಹೆಚ್ಚುಕಮ್ಮಿ ಲಂಬವಾಗಿ, ಕೋಣೆಯ ಮೂಲೇಲಿ ಎರಡು ಗೋಡೆ ಒಂದು ನೆಲ ಸೇರೋ ಹಾಗೆ. ತಲೆ ಯಾವ ಕಡೆ ತಿರುಗಿದ್ರೂ ಯಾವುದೋ ಒಂದು ನಾಳದೊಳಗಿನ ದ್ರವ ಹಿಂದೆ ಉಳಿಯುತ್ತೆ, ನಾಳದ ಬುಡದ ಉಬ್ಬಲ್ಲಿ ಅಡ್ಡ ನಿಂತ ಲೋಳೆಯ ಪರದೇನ ತಳ್ಳುತ್ತೆ, ಆ ಪರದೆಯೊಳಗೆ ತೂರಿಕೊಂಡ ಕೂದಲುಕೋಶಗಳ ರೋಮ ಬಾಗುತ್ತೆ. ಮಧ್ಯದಲ್ಲಿ ಇನ್ನೆರಡು ಚೀಲ, ಯುಟ್ರಿಕಲ್ ಮತ್ತೆ ಸ್ಯಾಕ್ಯೂಲ್. ಅವುಗಳ ಕೂದಲುಕೋಶದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಸಣ್ಣ ಸಣ್ಣ ಹರಳುಗಳ ಹೊರೆ ಇರುತ್ತೆ, ತಲೆ ವಾಲಿದ್ರೆ ಹರಳು ಜಾರುತ್ತೆ, ಕೆಳಗೆ ಯಾವ ಕಡೆ ಅಂತ ಗೊತ್ತಾಗುತ್ತೆ.

ಇನ್ನು ತಲೆ ಯಾಕೆ ಸುತ್ತಲಿಲ್ಲ ಅನ್ನೋ ವಿಷಯ, ಇಡೀ ಕೇಸಿನ ತಿರುಳು ಇದೇ. ಈ ಸುದ್ದೀನ ಕಿವಿಯಿಂದ ಮೆದುಳಿಗೆ ಒಯ್ಯೋ ನರಗಳು ತಲೆ ಅಲುಗದೇ ಇದ್ದಾಗ್ಲೂ ಸುಮ್ಮನಿರಲ್ಲ, ಮಂಗಗಳಲ್ಲಿ ಅಳೆದ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು 90 ಸಲ ಮಿಡೀತಾನೇ ಇರುತ್ವೆ. ಬಲಕ್ಕೆ ತಿರುಗಿದ್ರೆ ಬಲಗಿವಿಯ ಮಿಡಿತ ಏರುತ್ತೆ, ಎಡಗಿವಿದು ಇಳಿಯುತ್ತೆ, ಮೆದುಳು ಆ ವ್ಯತ್ಯಾಸ ನೋಡಿ ತಿರುಗಿದ್ದನ್ನ ತಿಳ್ಕೊಳ್ಳುತ್ತೆ. ತಕ್ಕಡಿ ಇದ್ದ ಹಾಗೆ. ಒಂದು ಕಿವಿ ಏಕಾಏಕಿ ಕೆಟ್ರೆ ಒಂದು ತಟ್ಟೆ ಕಳಚಿಬಿತ್ತು ಅಂತ ಅರ್ಥ, ಮುಳ್ಳು ಒಂದು ಕಡೆಗೆ ಹೊಡ್ಕೊಂಡು ಹೋಗುತ್ತೆ, ಮಲಗಿದಲ್ಲೇ ಮಲಗಿದ್ರೂ ಸುತ್ತುತ್ತಿದ್ದೀನಿ ಅನ್ಸುತ್ತೆ, ವಾಂತಿ ಬರುತ್ತೆ, ಯಾರೂ ಅದನ್ನ ಕಡೆಗಣಿಸೋಕೆ ಆಗಲ್ಲ. ಎರಡೂ ತಟ್ಟೇನ ಒಟ್ಟಿಗೇ, ನಿಧಾನಕ್ಕೆ ಬಿಚ್ಚಿಬಿಟ್ರೆ? ಮುಳ್ಳು ನೆಟ್ಟಗೆ ಮಧ್ಯದಲ್ಲೇ ನಿಂತಿರುತ್ತೆ, ಆದ್ರೆ ಆ ತಕ್ಕಡಿ ಏನನ್ನೂ ತೂಗ್ತಾ ಇಲ್ಲ. ಅಪ್ಪನ ಒಳಗಿವಿ ಕೆಡಿಸಿದ್ದು ಜೆಂಟಾಮೈಸಿನ್, ರಕ್ತದಲ್ಲಿ ಬಂದ ಔಷಧಿಗೆ ಎಡ ಬಲ ಅಂತ ಭೇದ ಇಲ್ಲ, ಅದು ಎರಡೂ ಕಡೆ ಸಮನಾಗಿ ಹೋಯ್ತು.

1882ರಲ್ಲಿ ವಿಲಿಯಂ ಜೇಮ್ಸ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ಹುಟ್ಟು ಕಿವುಡರನ್ನೂ ಸೇರಿಸಿ 519 ಮಂದಿ ಕಿವುಡರ ಮಾಹಿತಿ ಕಲೆಹಾಕಿದ್ರು, ಅದರಲ್ಲಿ 186 ಜನಕ್ಕೆ ಎಷ್ಟು ಸುತ್ತಿಸಿದ್ರೂ ತಲೆಸುತ್ತು ಬರ್ಲೇ ಇಲ್ಲ. ತಲೆಸುತ್ತು ಬರೋಕೂ ಒಳಗಿವಿ ಬದುಕಿರಬೇಕು. ಅಪ್ಪಂಗೆ ಮಾಡಿದ ನೀರಿನ ಪರೀಕ್ಷೇಲಿ ಇದನ್ನ ಕಣ್ಣಾರೆ ಕಂಡೆ. 30 ಡಿಗ್ರಿ, ಆಮೇಲೆ 44 ಡಿಗ್ರಿ ನೀರನ್ನ ಕಿವಿಗೆ ಬಿಡ್ತಾರೆ, ಕಿವಿ ಕಾಲುವೆಗೆ ಹತ್ತಿರ ಇರೋ ನಾಳದ ದ್ರವ ಬಿಸಿ ತಣ್ಣಗೆ ಆಗಿ ಹರಿಯುತ್ತೆ, ಮಲಗಿರೋ ಮನುಷ್ಯಂಗೆ ಗಿರ್ರನೆ ಸುತ್ತುತ್ತೆ, ಕಣ್ಣುಗುಡ್ಡೆ ಎಳೆದಾಡುತ್ತೆ. ಈ ಪರೀಕ್ಷೆ ಹಿಂದಿನ ಕೆಲಸಕ್ಕೇ ರಾಬರ್ಟ್ ಬಾರಾನಿಗೆ 1914ರ ನೊಬೆಲ್ ಬಂದಿದ್ದು, ಆ ಸುದ್ದಿ ತಲುಪಿದಾಗ ಅವರು ರಷ್ಯಾದಲ್ಲಿ ಯುದ್ಧಕೈದಿ ಆಗಿದ್ರು. ಅಪ್ಪನ ಎರಡೂ ಕಿವಿಗೆ ಬಿಟ್ರು, ಕೊನೆಗೆ ಐಸ್ ನೀರೂ ಬಿಟ್ರು. "ಏನನ್ಸುತ್ತೆ ಸಾರ್?" ಅಂದ್ರೆ "ತಣ್ಣಗಿದೆ ಮೇಡಂ" ಅಂದ್ರು, ಅಷ್ಟೇ. ಕ್ಯಾಮೆರಾ ಕನ್ನಡಕ ಹಾಕಿ ತಲೆ ತಿರುಗಿಸಿ ಅಳೆದ ಲೆಕ್ಕದಲ್ಲಿ, ಕಣ್ಣಿನ ವೇಗ ತಲೆಯ ವೇಗಕ್ಕೆ ಸಮ ಇದ್ರೆ 1 ಬರಬೇಕು, ಎರಡೂ ಕಡೆ 0.6ಕ್ಕಿಂತ ಕಮ್ಮಿ ಬಂದ್ರೆ ಎರಡೂ ಒಳಗಿವಿಯ ವೈಫಲ್ಯ ಅಂತ ಲೆಕ್ಕ. ಅಪ್ಪಂದು ಬಲ 0.21, ಎಡ 0.26. ಕೇಳಿಸೋ ಪರೀಕ್ಷೆ ಮಾತ್ರ ವಯಸ್ಸಿಗೆ ತಕ್ಕ ಹಾಗೆ ಪೂರ್ತಿ ನಾರ್ಮಲ್.

ಕೇಳೋ ಭಾಗ ಉಳಿದು ಬ್ಯಾಲೆನ್ಸ್ ಭಾಗ ಮಾತ್ರ ಹೋಗಿದ್ದು ಹೇಗೆ ಅಂತ ಕೇಳಿದೆ. ಜೆಂಟಾಮೈಸಿನ್ ಸೇರಿರೋ ಅಮಿನೊಗ್ಲೈಕೊಸೈಡ್ ಅನ್ನೋ ಗುಂಪಿನ ಔಷಧಿಗಳಲ್ಲಿ ಒಂದೊಂದರ ಒಲವು ಒಂದೊಂದು ಕಡೆಯಂತೆ, ಅಮಿಕಾಸಿನ್ ಹೆಚ್ಚಾಗಿ ಕೇಳೋ ಕೋಶಗಳನ್ನ ಕೊಲ್ಲುತ್ತೆ, ಜೆಂಟಾಮೈಸಿನ್ ಮತ್ತೆ ಸ್ಟ್ರೆಪ್ಟೊಮೈಸಿನ್ ಹೆಚ್ಚಾಗಿ ಬ್ಯಾಲೆನ್ಸ್ ಕೋಶಗಳನ್ನ. ರೋಮ ಬಾಗಿದಾಗ ತೆರೆಯೋ ಬಾಗಿಲಿದೆಯಲ್ಲಾ, ಸಂದೇಶ ಹುಟ್ಟೋ ಜಾಗ, ಅದರ ಮೂಲಕಾನೇ ಔಷಧಿ ಒಳಗೆ ನುಗ್ಗೋದು. ಒಳಗೆ ಹೋದ್ರೆ ಸುಲಭಕ್ಕೆ ಹೊರಗೆ ಬರಲ್ಲ, ಇಂಜೆಕ್ಷನ್ ನಿಲ್ಲಿಸಿ ವಾರಗಳಾದ ಮೇಲೂ ಹಾನಿ ಮುಂದುವರೀಬಹುದು, ರಕ್ತದಲ್ಲಿ ಮಟ್ಟ ಸರಿ ಇದ್ರೂ ಆಗಬಹುದು. ಕಿಡ್ನಿ ಅದನ್ನ ಹೊರಗೆ ಹಾಕ್ಬೇಕು, ಅಪ್ಪನ ಕಿಡ್ನಿ ಮಧ್ಯದಲ್ಲಿ ಸ್ವಲ್ಪ ಸೋತಿತ್ತು. ಹಕ್ಕಿಗಳಿಗೆ ಸತ್ತ ಕೂದಲುಕೋಶ ಮತ್ತೆ ಬೆಳೆಯುತ್ತೆ, ನಮಗೆ ಉಪಯೋಗಕ್ಕೆ ಬರೋ ಅಷ್ಟು ಬೆಳೆಯಲ್ಲ. ಇದೇ ಗುಣಾನ ಬೇಕಂತಲೇ ಬಳಸೋದೂ ಇದೆ. ಮೆನಿಯೇರ್ ಅನ್ನೋ ಒಳಗಿವಿ ಕಾಯಿಲೇಲಿ ತಲೆಸುತ್ತು ಯಾವುದಕ್ಕೂ ಬಗ್ಗದಿದ್ರೆ ಕೆಟ್ಟ ಕಿವಿಯ ತಮಟೆ ದಾಟಿಸಿ ಜೆಂಟಾಮೈಸಿನ್ ಚುಚ್ಚಿ ಆ ಕಡೇನ ಸುಮ್ಮನಾಗಿಸ್ತಾರೆ. ಅಂದ್ರೆ ಇದು ಯಾರಿಗೂ ತಿಳೀದ ವಿಷಯ ಅಲ್ಲ. 1952ರಲ್ಲೇ ಒಬ್ಬ ಡಾಕ್ಟರ್, ಸ್ಟ್ರೆಪ್ಟೊಮೈಸಿನ್‌ನಿಂದ ತನಗೇ ಹೀಗಾಗಿದ್ದನ್ನ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದಿದ್ರು. ಓದೋಕೆ ತಲೇನ ಮಂಚದ ತಲೆಕಡೆಯ ಕಂಬಿಗಳ ನಡುವೆ ಒತ್ತಿ ಹಿಡೀಬೇಕಿತ್ತಂತೆ, ಇಲ್ಲಾಂದ್ರೆ ನಾಡಿಯ ಮಿಡಿತಕ್ಕೇ ಅಕ್ಷರ ಹಾರ್ತಿತ್ತಂತೆ. ಇದನ್ನ ಓದಿ ಹೇಳಿದಾಗ ಅಪ್ಪ ತುಂಬಾ ಹೊತ್ತು ಮಾತಾಡ್ಲಿಲ್ಲ, ಆಮೇಲೆ "ಸರಿಯಾಗಿ ಬರೆದಿದ್ದಾನೆ" ಅಂದ್ರು.

ನನ್ನ ದೂರು ಒಂದೇ. ಜೀವ ಉಳಿಸೋಕೆ ಆ ಔಷಧಿ ಬೇಕಿತ್ತು ಅಂತಾದ್ರೆ ಕೊಡ್ಲಿ, ಆದ್ರೆ ನಾಲ್ಕು ವಾರದಲ್ಲಿ ಒಂದು ದಿನ ಯಾರಾದ್ರೂ ಬಂದು, ನಡಿಗೆ ತೂರಾಡಿದ್ರೆ, ಅಕ್ಷರ ಕುಣಿದ್ರೆ ತಕ್ಷಣ ಹೇಳಿ ಅಂತ ಹೇಳ್ಬಹುದಿತ್ತು. ಎರಡು ದಿನಕ್ಕೊಮ್ಮೆ ಹಾಸಿಗೆ ಪಕ್ಕದಲ್ಲೇ ತಲೆ ತಿರುಗಿಸಿ ನೋಡ್ಬಹುದಿತ್ತು. ಕ್ರಿಯಾಟಿನಿನ್ ಅಷ್ಟು ಶ್ರದ್ಧೆಯಿಂದ ನೋಡಿದ್ರು, ಕಿವಿನ ನೋಡ್ಲಿಲ್ಲ. ಕೊನೇ ವಾರ ಜೋಲಿ ಹೊಡೆದಾಗ ನಿಲ್ಲಿಸಿದ್ರೆ ಸ್ವಲ್ಪ ಉಳೀತಿತ್ತೋ ಏನೋ.

ಚಿಕಿತ್ಸೆ ಅಂದ್ರೆ ವ್ಯಾಯಾಮ. ಮೊದಲ ದಿನವೇ ತಲೆಸುತ್ತಿನ ಮಾತ್ರೆ ನಿಲ್ಲಿಸಿದ್ರು, ಅದು ಮೆದುಳು ಹೊಸದಾಗಿ ಕಲಿಯೋದನ್ನೇ ಮಂದ ಮಾಡುತ್ತೆ. ಗೋಡೆಗೆ ಒಂದು ದೊಡ್ಡ "ಅ" ಅಂಟಿಸಿ, ಅದು ಮಸುಕಾಗದಷ್ಟೇ ವೇಗದಲ್ಲಿ ತಲೆ ಆಡಿಸೋದು, ಒಂದೊಂದು ನಿಮಿಷ, ದಿನಕ್ಕೆ ನಾಲ್ಕೈದು ಸಲ, ಮೊದಲು ಕೂತು, ಆಮೇಲೆ ನಿಂತು, ಆಮೇಲೆ ನಡೀತಾ. ಇನ್ನೊಂದು, ಎರಡು ಗುರುತು ಇಟ್ಟು ಮೊದಲು ಕಣ್ಣು, ಆಮೇಲೆ ತಲೆ ತಿರುಗಿಸೋದು. ಸ್ಪಾಂಜ್ ಮೇಲೆ ನಿಲ್ಲೋದು, ಗೋಡೆ ಮೂಲೇಲಿ, ಮುಂದೆ ಕುರ್ಚಿ ಇಟ್ಕೊಂಡು. ಮೊದಲ ಎರಡು ವಾರ ಅಪ್ಪಂಗೆ ಓಕರಿಕೆ, ಸುಸ್ತು, ಸಿಟ್ಟು. "ಇದರಿಂದ ಕಿವಿ ಸರಿ ಹೋಗುತ್ತಾ?" ಅಂತ ಕೇಳಿದ್ದಕ್ಕೆ ಡಾಕ್ಟರ್ ಮುಚ್ಚುಮರೆ ಇಲ್ಲದೆ "ಇಲ್ಲ ಸಾರ್, ಕಿವಿ ಇಷ್ಟೇ, ಕಣ್ಣು ಕಾಲು ಕುತ್ತಿಗೆ ಸೇರ್ಕೊಂಡು ಅದರ ಕೆಲಸ ಕಲೀತಾವೆ" ಅಂದ್ರು. ಆ ನೇರ ಮಾತೇ ಅಪ್ಪಂಗೆ ಹಿಡಿಸ್ತು ಅಂತ ಕಾಣುತ್ತೆ, ಆಮೇಲೆ ಒಂದು ದಿನಾನೂ ತಪ್ಪಿಸ್ಲಿಲ್ಲ.

ಮನೇಲಿ ಮಾಡಿದ್ದು ಸಣ್ಣ ಸಣ್ಣ ಬದಲಾವಣೆ. ಹಾಸಿಗೆಯಿಂದ ಬಾತ್‌ರೂಮಿನವರೆಗೆ ರಾತ್ರಿಯಿಡೀ ದೀಪ, ಬಾತ್‌ರೂಮಲ್ಲಿ ಹಿಡಿ, ಮೆತ್ತನೆ ಚಪ್ಪಲಿ ಬದಲು ನೆಲ ಗೊತ್ತಾಗೋ ತೆಳು ಗಟ್ಟಿ ಅಟ್ಟೆಯ ಶೂ. ಕತ್ತಲಾದ ಮೇಲೆ ಕೋಲು, ಅದು ಆಸರೆಗಿಂತ ಹೆಚ್ಚಾಗಿ ನೆಲದ ಸುದ್ದಿ ಕೈಗೆ ಮುಟ್ಟಿಸೋಕೆ. ಈಜೋದು ಪೂರ್ತಿ ಬಂದ್, ನೀರೊಳಗೆ ಪಾದಕ್ಕೆ ನೆಲ ಇಲ್ಲ, ಕಣ್ಣು ಮುಚ್ಚಿದ್ರೆ ಮೇಲೆ ಯಾವುದು ಕೆಳಗೆ ಯಾವುದು ಅಂತ ಹೇಳೋರು ಯಾರೂ ಇಲ್ಲ, ಈಜು ಬಲ್ಲವರೂ ಆಳದ ಕಡೆಗೇ ಕೈ ಬೀಸ್ತಾರೆ. ಒಳಗಿವಿಯ ನರಕ್ಕೆ ನೇರ ಕರೆಂಟ್ ಮಿಡಿತ ಕೊಡೋ ಇಂಪ್ಲಾಂಟ್ ಬಗ್ಗೆ ಕೇಳಿದೆ. ಜಾನ್ಸ್ ಹಾಪ್ಕಿನ್ಸ್‌ನವರು 8 ಜನಕ್ಕೆ ಹಾಕಿದ ಫಲಿತಾಂಶ 2021ರಲ್ಲಿ ಬಂತು, ನಡಿಗೆ ಸುಧಾರಿಸಿತ್ತು, ಆದ್ರೆ ಅದನ್ನ ಹಾಕಿದ ಕಿವಿಯ ಕೇಳೋ ಶಕ್ತಿ ಕಮ್ಮಿ ಆಗೋ ಅಪಾಯ ಇದೆ. ಚೆನ್ನಾಗಿ ಕೇಳೋ ಕಿವೀನ ಪಣಕ್ಕಿಡಲ್ಲ ಅಂದ್ರು ಅಪ್ಪ.

ಹದಿನಾಲ್ಕನೇ ತಿಂಗಳ ರಿಪೋರ್ಟ್ ಈಗ ನನ್ನ ಮುಂದೆ ಇದೆ. ಬಲ 0.22, ಎಡ 0.25, ಅಂದ್ರೆ ಕಿವಿ ಇದ್ದ ಹಾಗೇ ಇದೆ. ತಲೆ ಆಡಿಸಿ ಓದಿದ್ರೆ ಮುಂಚೆ ನಾಲ್ಕು ಸಾಲು ಹೋಗ್ತಿತ್ತು, ಈಗ ಎರಡು, ಯಾಕಂದ್ರೆ ತಲೆ ತಿರುಗ್ತಾ ಇರುವಾಗ್ಲೇ ಕಣ್ಣು ಯಾರಿಗೂ ಕಾಣದ ಹಾಗೆ ಸಣ್ಣಗೆ ಜಿಗಿದು ಸರಿಮಾಡಿಕೊಳ್ಳೋದನ್ನ ಕಲಿತಿದೆ. ಸ್ಪಾಂಜ್ ಮೇಲೆ ಕಣ್ಣು ಮುಚ್ಚಿದ್ರೆ ಈಗ್ಲೂ ಬೀಳ್ತಾರೆ. ಫೈಲಿನ ಮೊದಲ ಹಾಳೆ ಮೇಲೆ, ಈ ಗುಂಪಿನ ಆಂಟಿಬಯಾಟಿಕ್ ಕೊಡೋ ಮುಂಚೆ ನಮ್ಮ ಹತ್ರ ಮಾತಾಡಿ ಅಂತ ಕೆಂಪು ಇಂಕಲ್ಲಿ ಬರೆದು ಅಂಟಿಸಿದ್ದೀನಿ. ಹಗಲಲ್ಲಿ ಅಪ್ಪ ಒಬ್ಬರೇ ಎರಡು ಕಿಲೋಮೀಟರ್ ನಡೆದು ಬರ್ತಾರೆ, ಎದುರಿಗೆ ಯಾರಾದ್ರೂ ಬಂದ್ರೆ ಒಂದು ಕ್ಷಣ ನಿಲ್ತಾರೆ, ಮುಖ ನಿಂತ ಮೇಲೆ ಹೆಸರು ಹಿಡಿದು ಮಾತಾಡಿಸ್ತಾರೆ. ಮುಖ ತೊಳೆಯುವಾಗ ಒಂದು ಕೈ ಇವತ್ತಿಗೂ ಸಿಂಕಿನ ಅಂಚು ಬಿಡಲ್ಲ.